ಸ್ಪ್ರಿಂಗಿನ ಹದ
ಸ್ಪೋರ್ಟ್ಸ್ ಕಾರನ್ನು ತಗ್ಗಿಸಿದರೆ ಭಾರಕೇಂದ್ರ ಇಳಿಯುತ್ತದೆ, ತಿರುವಿನಲ್ಲಿ ಮೈ ವಾಲುವುದು ಕಡಿಮೆಯಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನ ತಿರುವುಗಳಿಗೆ ಹೊರಟವರಿಗೆ ಆ ಆಸೆ ಸಹಜ. ಆದರೆ ಗಿಡ್ಡ ಸ್ಪ್ರಿಂಗಿಗೆ ಕುಗ್ಗಲು ಜಾಗ ಸಾಲದು, ಅದಕ್ಕೇ ಅದು ಗಡುಸಾಗಿರಬೇಕು. ಗಡುಸು ಸ್ಪ್ರಿಂಗ್ ಮರಳಿ ಚಿಮ್ಮುವ ರಭಸವನ್ನು ಹಳೆಯ ಶಾಕ್ ಅಬ್ಸಾರ್ಬರ್ ಹಿಡಿದಿಡಲಾರದು. ನನ್ನ ಮೆಚ್ಚುಗೆಯೆಲ್ಲ ಈ ಎಣ್ಣೆ ತುಂಬಿದ ಕೊಳವೆಗೇ: ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಕುಲುಕಾಟದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ, ಟೈರು ರಸ್ತೆಯನ್ನು ಬಿಡುವುದಿಲ್ಲ. ಹೆದ್ದಾರಿ ನುಣುಪಾಗಿದೆಯಲ್ಲ, ಇನ್ನಷ್ಟು ತಗ್ಗಿಸಿದರೇನು ಎನ್ನಬಹುದು. ಆದರೆ ನಿಯಮದಂತೆ ಕಟ್ಟಿದ ರಸ್ತೆ ಉಬ್ಬೇ 10 ಸೆಂ.ಮೀ. ಎತ್ತರ; ಕೆ.ಆರ್. ನಗರ, ಎಚ್.ಡಿ. ಕೋಟೆಯ ಒಳದಾರಿಗಳಲ್ಲಿ ಕಾರಿನ ಹೊಟ್ಟೆ ತಾಗದಿರಬೇಕಲ್ಲ! ತಗ್ಗಿಸುವುದಾದರೆ 2 ಸೆಂ.ಮೀ. ಒಳಗೇ ಇರಲಿ, ಆ ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರನ್ನು ಜೊತೆಗೇ ಹಾಕಿಸಿ.