ಮಾರುತದ ಶಿಲ್ಪಿ ಕುರ್ಟ್ ಟ್ಯಾಂಕ್

ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ ‘ಮಾರುತ’ವನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್. 1898ರಲ್ಲಿ ಅವರು ಹುಟ್ಟಿದ ಬ್ರೊಂಬೆರ್ಗ್ ಈಗ ಪೋಲೆಂಡಿಗೆ ಸೇರಿದೆ. ಮೊದಲ ಮಹಾಯುದ್ಧದಲ್ಲಿ ಕುದುರೆ ದಂಡಿನಲ್ಲಿದ್ದು, ಬಳಿಕ ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್ ಓದಿ, 1931ರಲ್ಲಿ ಬ್ರೆಮೆನ್‌ನ ಫೋಕೆ-ವುಲ್ಫ್ ಕಂಪನಿ ಸೇರಿದರು. ತಾವು ನಕ್ಷೆ ಬರೆದ ವಿಮಾನವನ್ನು ತಾವೇ ಹಾರಿಸಿ ನೋಡುವ ರೂಢಿ ಅವರದು.

ಹಿಟ್ಲರನ ವಾಯುಪಡೆಗೆ ಮಾಡಿದ ಎಫ್‌ಡಬ್ಲ್ಯು-190 ಯುದ್ಧವಿಮಾನದಲ್ಲಿ ದಂಡಿನ ಅನುಭವ ಎದ್ದು ಕಾಣುತ್ತದೆ. ಯುದ್ಧಕ್ಕೆ ಬೇಕಾದದ್ದು ರೇಸಿನ ಕುದುರೆಯಲ್ಲ, ತಾಳಿಕೆಯ ಕುದುರೆ ಎನ್ನುವುದು ಟ್ಯಾಂಕ್ ವಿಚಾರ. ಹದಗೆಟ್ಟ ನೆಲದಲ್ಲೂ ಇಳಿಯಲೆಂದು ಗಾಲಿಗಳನ್ನು ಅಗಲಕ್ಕೆ ಇಟ್ಟರು. ಇಂಥವು 20,000ಕ್ಕೂ ಹೆಚ್ಚು ತಯಾರಾದವು. ಜರ್ಮನಿ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋದರು. 1955ರಲ್ಲಿ ಅಲ್ಲಿ ಅವರಿಗೆ ಆಸರೆಯಾಗಿದ್ದ ಅಧ್ಯಕ್ಷ ಪೆರೋನ್ ಸರಕಾರ ಬಿತ್ತು. ಮರುವರ್ಷ ಬೆಂಗಳೂರಿಗೆ ಬಂದರು.

ಮಾರುತದ ಸೊಗಸು ಅದರ ನಡುವಿನಲ್ಲಿದೆ. ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಎದುರಿಗಿರುವ ಮಾರುತವನ್ನು ಪಕ್ಕದಿಂದ ನಿಧಾನಕ್ಕೆ ನೋಡಬೇಕು. ರೆಕ್ಕೆ ಕೂಡುವಲ್ಲಿ ಮೈ ಡಮರುಗದ ಹಾಗೆ ತುಸು ಸಣ್ಣಗಾಗಿದೆ. ಶಬ್ದದ ವೇಗ ಸಮೀಪಿಸಿದಾಗ ವಿಮಾನದ ಒಟ್ಟು ದಪ್ಪ ಒಮ್ಮೆಲೇ ಹೆಚ್ಚಿದರೆ ಗಾಳಿಯ ತಡೆ ವಿಪರೀತ ಏರುತ್ತದೆ. ಆದ್ದರಿಂದ ರೆಕ್ಕೆ ಸೇರಿಸಿದಷ್ಟನ್ನು ಮೈ ಬಿಟ್ಟುಕೊಡಬೇಕು. ಮಾರುತದ ಹಾರಾಟದ ಗುಣ ಪರೀಕ್ಷಿಸಲು 1959ರಲ್ಲಿ ಅಷ್ಟೇ ದೊಡ್ಡ ಮರದ ಗ್ಲೈಡರ್ ಕಟ್ಟಿ, ಡಕೋಟ ವಿಮಾನಕ್ಕೆ ಹಗ್ಗ ಹಾಕಿ ಎಳೆಸಿ ಹಾರಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಮೇಲೆಬ್ಬಿಸಿದರು.

ಕೊರತೆ ಉಳಿದದ್ದು ಎಂಜಿನ್ನಿನದು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಬರೆದ ನಕ್ಷೆ ಅದು. ನೆಚ್ಚಿಕೊಂಡಿದ್ದ ಬಲವಾದ ಎಂಜಿನ್ ಬ್ರಿಟನ್ನಿನಲ್ಲಿ ತಯಾರಾಗಲೇ ಇಲ್ಲ. ಹಳೆಯ ಆರ್ಫಿಯಸ್ ಎರಡನ್ನು ಕೂಡಿಸಬೇಕಾಯಿತು. ಗಟ್ಟಿ ಚಕ್ಕಡಿಗೆ ಬಡಕಲು ಎತ್ತು ಹೂಡಿದ ಹಾಗೆ. ಸಮತಲ ಹಾರಾಟದಲ್ಲಿ ಮಾರುತಕ್ಕೆ ಶಬ್ದದ ವೇಗ ಮುಟ್ಟುವುದೇ ಕಷ್ಟವಾಯಿತು. ಹೆಚ್ಚು ಬಲದ ಎಂಜಿನ್ ಪರೀಕ್ಷಿಸುವಾಗಲೇ 1970ರ ಜನವರಿಯಲ್ಲಿ ದಾಸ್ ತೀರಿಕೊಂಡರು. ಎಚ್‌ಎಎಲ್ ಬದಿಯ ರಸ್ತೆಗೆ ಅವರ ಹೆಸರಿದೆ.

ಇಷ್ಟಾದರೂ ಮಾರುತವನ್ನು ಸೋತ ವಿಮಾನ ಎನ್ನುವುದು ಅನ್ಯಾಯ. ತಯಾರಾದ 147ರಲ್ಲಿ ಕೆಲವು 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ತಗ್ಗಿನಲ್ಲಿ ಹಾರಿ ದಾಳಿ ನಡೆಸಿದವು. ತಾಳಿಕೆ ಅಲ್ಲಿ ಕೆಲಸಕ್ಕೆ ಬಂತು. 1990ರ ಹೊತ್ತಿಗೆ ವಾಯುಪಡೆ ಅವನ್ನು ನಿವೃತ್ತಿಗೊಳಿಸಿತು. ಟ್ಯಾಂಕ್ 1960ರ ದಶಕದ ಕೊನೆಯಲ್ಲಿ ಜರ್ಮನಿಗೆ ಮರಳಿ, 1983ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆ ಊರಿನ ಸಮೀಪದ ಶ್ಲೈಸ್‌ಹೈಮ್ ವಿಮಾನ ಮ್ಯೂಸಿಯಂನಲ್ಲೂ ಬೆಂಗಳೂರಿನ ಮಾರುತವೊಂದಿದೆ.