ಕಿವಿಗೆ ಬಡಿಸಿದ ಅಡುಗೆ

ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿ ಶುರುವಾಯಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಮನೆಗಳಲ್ಲಿ ಅಡುಗೆ ಕಲಿಸಿದವರು ಅವ್ವ, ಅತ್ತೆ. ಆಮೇಲೆ ಅವರ ಜೊತೆಗೆ ರೇಡಿಯೊವೂ ಸೇರಿಕೊಂಡಿತು. ಮಹಿಳೆಯರ ಕಾರ್ಯಕ್ರಮಗಳಲ್ಲಿ ಅಡುಗೆ ಹೇಳಿದವರು ಹೆಚ್ಚಾಗಿ ಗೃಹಿಣಿಯರೇ. ಮನೆಯಲ್ಲಿ ಮಾಡಿ, ಹಾಳೆಯಲ್ಲಿ ಬರೆದು, ಮೈಕಿನ ಮುಂದೆ ಹೇಳಿ ಬಂದವರು. ಕವಿತೆ, ನಾಟಕಗಳನ್ನು ಒರೆಗೆ ಹಚ್ಚುವ ನಾವು ಇವರ ಕೆಲಸವನ್ನು ಮಾತ್ರ ಹೊತ್ತು ಕಳೆಯುವ ಮಾತೆಂದು ಬಿಟ್ಟೆವು. ಅದು ಅನ್ಯಾಯ.

ಕನ್ನಡದಲ್ಲಿ ಅಡುಗೆ ಕಿವಿಯ ದಾರಿ ಹಿಡಿದದ್ದು ಹೊಸದೇನಲ್ಲ. ಮೂರನೆಯ ಮಂಗರಸ 16ನೇ ಶತಮಾನದ ಮೊದಲಲ್ಲೇ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ; ಅದು ಓದಿ ಕೇಳಿಸಲು, ಬಾಯಿಪಾಠ ಮಾಡಲು ಒದಗುವ ಛಂದಸ್ಸು. ಒಳ್ಳೆಯ ರೇಡಿಯೊ ಅಡುಗೆಗೂ ಆ ಗುಣ ಬೇಕು. ಅಳತೆಯನ್ನು ಎರಡು ಸಲ ಹೇಳಬೇಕು, ಪೆನ್ಸಿಲ್ ಹಿಡಿದು ಕೂತವರಿಗೆ ಬಿಡುವು ಕೊಡಬೇಕು. ಚಿತ್ರದ ಆಸರೆ ಇಲ್ಲವಾದ್ದರಿಂದ ಹದದ ಗುರುತೆಲ್ಲ ಸದ್ದು, ವಾಸನೆಗಳಲ್ಲೇ ಸಿಗಬೇಕು.

ಜೋಳದ ರೊಟ್ಟಿಯನ್ನೇ ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಅಂಟು ಬರುತ್ತದೆ. ಚೆನ್ನಾಗಿ ನಾದಿದರೆ ಬಡಿಯುವಾಗ ಅಂಚು ಒಡೆಯದು. ಮೊದಮೊದಲು ಬಡಿತದ ಸದ್ದು ಮಂದ, ರೊಟ್ಟಿ ತೆಳ್ಳಗಾದಂತೆ ಗಟ್ಟಿ. ಯಾವ ಪುಸ್ತಕಕ್ಕೂ ದಕ್ಕದ ಈ ಪಾಠವನ್ನು ರೇಡಿಯೊ ಸಲೀಸಾಗಿ ಕೊಡಬಲ್ಲದು. ಆದರೆ ಸ್ಟುಡಿಯೊದಲ್ಲಿ ಕೂತು ಹಾಳೆ ನೋಡಿ ಓದಿದಾಗ ಈ ಸದ್ದೇ ಹೊರಗುಳಿಯುತ್ತದೆ. ಮಾತಿನ ಸೊಗಡೂ ಅಷ್ಟೇ. ಮನೆಯಲ್ಲಿ “ಉರಿ ಸಣ್ಣ ಮಾಡ್ರಿ” ಅನ್ನುವಾಕೆ ಮೈಕಿನ ಮುಂದೆ “ಉರಿಯನ್ನು ಕಡಿಮೆಗೊಳಿಸಿ” ಅನ್ನುತ್ತಾಳೆ. ಬರೆದದ್ದನ್ನು ಓದಿದರೂ ಸೊಗಡು ಉಳಿಸಬಹುದು. ಅಮೆರಿಕದ ಕೃಷಿ ಇಲಾಖೆ 1926ರಲ್ಲಿ ‘ಆಂಟ್ ಸ್ಯಾಮಿ’ ಎಂಬ ಕಲ್ಪಿತ ಹೆಂಗಸನ್ನು ರೇಡಿಯೊಕ್ಕೆ ತಂದಾಗ ಬರಹ ಒಂದೇ ಇತ್ತು, ಓದುವವರು ಮಾತ್ರ ಊರೂರಿಗೆ ಬೇರೆ. ಕೇಳುಗರಿಗೆ ಆಕೆ ತಮ್ಮೂರಿನವಳೇ ಅನಿಸಿದ್ದು ಅದರಿಂದಲೇ.

ನನಗೆ ಹೆಚ್ಚು ಬೇಸರ ತರಿಸುವುದು ಮೆಣಸಿನಕಾಯಿಯ ವಿಷಯ. “ಎರಡು ಚಮಚ ಖಾರದಪುಡಿ” ಅಂದರೆ ಯಾವ ಕಾಯಿಯದು? 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದೇ ಎರಡು ಚಮಚ ಗುಂಟೂರು ಕಾಯಿಯದಾದರೆ ಎಣಗಾಯಿ ಬಾಯಿಗಿಡಲಾಗದು. ಬ್ಯಾಡಗಿ ಕಾಯಿಯಲ್ಲೇ ಉಬ್ಬಿದ ‘ಡಬ್ಬಿ’ ಬೇರೆ, ಸುಕ್ಕುಗಟ್ಟಿದ ನೀಳ ‘ಕಡ್ಡಿ’ ಬೇರೆ. ಕಾಯಿಯ ಕೆಂಪು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಅದಕ್ಕೇ ಪುಡಿಯನ್ನು ಸಣ್ಣ ಉರಿಯ ಎಣ್ಣೆಗೆ ಹಾಕಬೇಕು; ಎಣ್ಣೆ ಹೊಗೆಯಾಡುತ್ತಿದ್ದರೆ ಪುಡಿ ಕಪ್ಪಾಗಿ ಕಹಿಯಾಗುತ್ತದೆ. ಬಿಸಿಲು, ಗಾಳಿಗೆ ಬಿಟ್ಟ ಕಾಯಿಯ ಬಣ್ಣ ಮಾಸುತ್ತದೆಂದೇ ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜುಗಳು ಎದ್ದಿವೆ. ಹೋದ ವರ್ಷದ ಪುಡಿ, ಹೊಸ ಪುಡಿ ಎರಡಕ್ಕೂ ಒಂದೇ ಚಮಚದ ಲೆಕ್ಕ ಹೇಳುವ ಅಡುಗೆ ಮಾತು ಅರ್ಧ ಮಾತು.

ಈಗ ರೆಕಾರ್ಡಿಂಗ್ ಯಂತ್ರ ಅಂಗೈಯೊಳಗೇ ಇದೆ. ಹೆಂಗಸರನ್ನು ಸ್ಟುಡಿಯೊಕ್ಕೆ ಕರೆಸುವ ಬದಲು ರಾಣೆಬೆನ್ನೂರಿನ ಒಲೆಯ ಮುಂದೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ರಂಜಕ ಅರೆಯುವ ಒರಳಿನ ಪಕ್ಕ ಮೈಕು ಇಡಬೇಕು. ಬರೆದ ಹಾಳೆಯನ್ನು ಕೇಳಬಾರದು.