ನೀರು ನಿಲ್ಲಿಸುವವರು ಯಾರು? ಬಡಾವಣೆ ಪ್ರಕಟಣೆಗಳ ವ್ಯಾಕರಣ

ಬೆಂಗಳೂರಿನ ಕನ್ನಡ ಪತ್ರಿಕೆಗಳ ನಗರ ಪುಟದ ಮೂಲೆಯಲ್ಲಿ ಈ ಧಾಟಿಯ ಬರಹವೊಂದು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ: ‘ತುರ್ತು ನಿರ್ವಹಣಾ ಕಾಮಗಾರಿ ಕೈಗೊಂಡಿರುವುದರಿಂದ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕೆಳಕಂಡ ಪ್ರದೇಶಗಳಲ್ಲಿ ವಿದ್ಯುತ್ ವ್ಯತ್ಯಯವಾಗಲಿದೆ. ಗ್ರಾಹಕರು ಸಹಕರಿಸಬೇಕಾಗಿ ಕೋರಲಾಗಿದೆ.’ ಕೆಳಗೆ ಹತ್ತಿಪ್ಪತ್ತು ಸ್ಥಳಗಳ ಹೆಸರು. ಕೊನೆಗೆ ‘ಹಾಗೂ ಸುತ್ತಮುತ್ತಲಿನ ಪ್ರದೇಶಗಳು’. ಓದುವವರು ತಮ್ಮ ಬಡಾವಣೆಯ ಹೆಸರಿದೆಯೇ ಎಂದು ಹುಡುಕುತ್ತಾರೆ. ಇದ್ದರೆ ಇಡ್ಲಿ ಹಿಟ್ಟು ಬೇಗ ರುಬ್ಬಿಕೊಳ್ಳುತ್ತಾರೆ, ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ನೀರೇರಿಸುತ್ತಾರೆ. ಇಲ್ಲದಿದ್ದರೆ ಪುಟ ತಿರುಗಿಸುತ್ತಾರೆ.

ಇಂಥ ಬರಹವನ್ನು ಸಾಹಿತ್ಯ ಎನ್ನುವವರಿಲ್ಲ. ಆದರೂ ಇದರಷ್ಟು ಎಚ್ಚರದಿಂದ ಓದಿಸಿಕೊಳ್ಳುವ ಕನ್ನಡ ಗದ್ಯ ಕಡಿಮೆ. ಕವಿತೆಯಲ್ಲಿ ಒಂದು ಪದ ಕೈತಪ್ಪಿದರೂ ನಡೆದೀತು. ಇಲ್ಲಿ ಒಂದು ಹೆಸರು ಕಣ್ತಪ್ಪಿದರೆ ಕೊಡ ಖಾಲಿ. ಕಾದಂಬರಿ ಯಾರನ್ನೋ ಓದುಗರೆಂದು ಕಲ್ಪಿಸಿಕೊಂಡು ಮಾತಾಡುತ್ತದೆ. ಈ ಬರಹ ಇಂಥ ಮೊಹಲ್ಲದ, ಇಂಥ ಅಡ್ಡರಸ್ತೆಯ ನಿವಾಸಿಯನ್ನೇ ಕರೆದು ಹೇಳುತ್ತದೆ. ಹೀಗೆ ಕರೆಯುವಾಗ ಅದು ಬಳಸುವ ಕನ್ನಡ ಎಂಥದು? ಆ ಕನ್ನಡದಲ್ಲಿ ನಿವಾಸಿಯ ಸ್ಥಾನ ಯಾವುದು, ಆಡಳಿತದ ಸ್ಥಾನ ಯಾವುದು?

ಮೊದಲು ಇದರ ಗುಣವನ್ನು ಹೇಳಬೇಕು. ಅದು ಇರುವುದು ಹೆಸರುಗಳ ಪಟ್ಟಿಯಲ್ಲಿ. 1898ರ ಪ್ಲೇಗಿನ ಹೊತ್ತಿಗೆ ರೂಪಗೊಂಡ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಹಳೆಯ ಹಳ್ಳಿಗಳ ಹೊಲಗದ್ದೆಗಳ ಮೇಲೆ ಹರಡಿಕೊಂಡವು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳನ್ನು ಇವತ್ತು ಹಳ್ಳಿ ಎಂದು ಕರೆಯುವವರಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂದಾಗ ಅಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರೆಂಬ ಐತಿಹ್ಯ ನೆನಪಾಗುತ್ತದೆ, ಅಷ್ಟೆ. ಆದರೆ ವಿದ್ಯುತ್ ಪ್ರಕಟಣೆಯ ಪಟ್ಟಿಯಲ್ಲಿ ಯಡಿಯೂರು, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳು ನಿನ್ನೆ ಮೊನ್ನೆ ಎದ್ದ ಲೇಔಟುಗಳ ಪಕ್ಕದಲ್ಲಿ ಬಂದು ಕೂರುತ್ತವೆ. ನಡುವೆ ಇರುವುದು ಒಂದು ಅಲ್ಪವಿರಾಮ ಮಾತ್ರ. ವಿದ್ಯುತ್ ಉಪಕೇಂದ್ರದಿಂದ ಹೊರಟ ತಂತಿಗೆ ವಾರ್ಡಿನ ಗಡಿಯೂ ಇಲ್ಲ, ನಿವೇಶನದ ಬೆಲೆಯೂ ಇಲ್ಲ. ಬಂಗಲೆಯನ್ನೂ ವಠಾರವನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಬರಹ ನಗರದಲ್ಲಿ ಬೇರೆ ಹೆಚ್ಚಿಲ್ಲ.

ಹೆಸರುಗಳನ್ನು ಇಷ್ಟು ನಿಖರವಾಗಿ ಹೇಳುವ ಬರಹ ಕ್ರಿಯಾಪದಕ್ಕೆ ಬಂದಾಗ ಮಾತ್ರ ಮುಖ ಮುಚ್ಚಿಕೊಳ್ಳುತ್ತದೆ. ‘ಸ್ಥಗಿತಗೊಳಿಸಲಾಗುವುದು’, ‘ಕೋರಲಾಗಿದೆ’, ‘ತೆರವುಗೊಳಿಸಲಾಗುವುದು’. ಮಾಡುವವರು ಯಾರು? ವಾಕ್ಯದಲ್ಲಿಲ್ಲ. ಕನ್ನಡದಲ್ಲಿ ಹೀಗೆ ಅಡಗಿಕೊಳ್ಳುವುದು ಸುಲಭವಲ್ಲ, ಏಕೆಂದರೆ ನಮ್ಮ ಕ್ರಿಯಾಪದದ ಬಾಲದಲ್ಲೇ ಕರ್ತೃ ಕೂತಿರುತ್ತಾನೆ, ಕೂತಿರುತ್ತಾಳೆ, ಕೂತಿರುತ್ತಾರೆ. ಹಾಗಾಗಿಯೇ ಅಡಗುವ ಆಸೆಯುಳ್ಳ ಬರಹ ‘ಲಾಗುವುದು’ ಎಂಬ ಮುಸುಕು ಹೊದೆಯಬೇಕಾಗುತ್ತದೆ. ಬೀದಿಯಲ್ಲಿ ಇದೇ ಸುದ್ದಿ ಹೇಗೆ ಹಬ್ಬುತ್ತದೆ, ನೋಡಿ: ‘ನಾಳೆ ಕರೆಂಟ್ ತೆಗೀತಾರಂತೆ ಕಣ್ರೀ.’ ಎರಡು ಸಣ್ಣ ಪ್ರತ್ಯಯಗಳು ಎಷ್ಟು ಕೆಲಸ ಮಾಡುತ್ತವೆ! ‘ಆರೆ’ ಎಂದಾಗ ತೆಗೆಯುವ ಯಾರೋ ಇದ್ದಾರೆಂದಾಯಿತು. ‘ಅಂತೆ’ ಎಂದಾಗ ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದೂ ಆಯಿತು. ಮಾಡಿದವರೂ ಇದ್ದಾರೆ, ಸುದ್ದಿಯ ಮೂಲದ ಬಗ್ಗೆ ಪ್ರಾಮಾಣಿಕತೆಯೂ ಇದೆ. ಕಚೇರಿಯ ವಾಕ್ಯದಲ್ಲಿ ಎರಡೂ ಇಲ್ಲ.

ಪದಗಳ ಆಯ್ಕೆಯಲ್ಲೂ ಇದೇ ಜಾಣತನ. ಜನ ‘ಕರೆಂಟ್ ಹೋಗುತ್ತೆ’ ಎನ್ನುತ್ತಾರೆ. ಪ್ರಕಟಣೆಗೆ ‘ಕಡಿತ’ ಎಂಬ ನೇರ ಪದವೂ ಒರಟು, ಅದಕ್ಕೆ ‘ವ್ಯತ್ಯಯ’ ಬೇಕು. ಇನ್ನು ‘ಸಹಕರಿಸಿ’ ಎಂಬ ಕೋರಿಕೆ. ಸಹಕಾರವೆಂದರೆ ಜೊತೆಗೂಡಿ ಮಾಡುವುದು. ಇಲ್ಲಿ ನಿವಾಸಿ ಜೊತೆಗೂಡಿ ಮಾಡಬೇಕಾದದ್ದು ಏನು? ಏನೂ ಇಲ್ಲ. ಕೇಳದೆ ಸುಮ್ಮನಿರುವುದಕ್ಕೆ ಅದು ಕಚೇರಿ ಇಟ್ಟ ಹೆಸರು.

ಸಾರ್ವಜನಿಕ ಪ್ರಕಟಣೆಯ ಕನ್ನಡ ಮೊದಲಿನಿಂದಲೂ ಹೀಗಿತ್ತು ಎನ್ನುವಂತಿಲ್ಲ. ನಮ್ಮ ಶಾಸನಗಳು ಒಂದು ಅರ್ಥದಲ್ಲಿ ಊರ ಪ್ರಕಟಣೆಗಳೇ. ಒಂದು ದಾನಶಾಸನವನ್ನು ತೆಗೆದುಕೊಳ್ಳಿ: ಕೊಟ್ಟವರು ಯಾರು, ಯಾರಿಗೆ, ಯಾವ ಭೂಮಿ, ಮೂಡಲಿಂದ ಬಡಗಲವರೆಗೆ ಅದರ ಎಲ್ಲೆ ಯಾವುದು, ಎಷ್ಟೋ ಕಡೆ ಸಾಕ್ಷಿಗಳ ಹೆಸರು, ಬರೆದವನ ಹೆಸರೂ ಉಂಟು. ತಪ್ಪಿ ನಡೆದವರಿಗೆ ಏನಾಗುತ್ತದೆಂಬ ಶಾಪವಂತೂ ಇದ್ದದ್ದೇ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದ ವೀರಗಲ್ಲನ್ನು ವಿದ್ವಾಂಸರು ಸುಮಾರು ಕ್ರಿ.ಶ. 890ಕ್ಕೆ ಸೇರಿಸುತ್ತಾರೆ, ಬೆಂಗಳೂರು ಕಾಳಗದ ಉಲ್ಲೇಖಕ್ಕಾಗಿ ಅದು ಪ್ರಸಿದ್ಧ. ಅಂಥ ಕಲ್ಲು ಸತ್ತವನನ್ನು ಹೆಸರಿಟ್ಟು ನೆನೆಯುತ್ತದೆ. ಅದೇ ಬೇಗೂರು ಇಂದು ವಿದ್ಯುತ್ ವ್ಯತ್ಯಯದ ಪಟ್ಟಿಯಲ್ಲಿ ಬರುವಾಗ ಊರಿನ ಹೆಸರು ಉಳಿದಿರುತ್ತದೆ, ಮಾಡಿದವರ ಹೆಸರು ಮಾತ್ರ ಉದುರಿಹೋಗಿರುತ್ತದೆ. ಶಾಸನಗಳ ಲೋಕ ನ್ಯಾಯದ ಲೋಕವಾಗಿತ್ತೆಂದು ಇದರ ಅರ್ಥವಲ್ಲ. ದಾನ ಕೊಟ್ಟ ಭೂಮಿಯನ್ನು ಉತ್ತವರ ಹೆಸರು ಆ ಕಲ್ಲುಗಳಲ್ಲಿ ಸಿಗುವುದು ಅಪರೂಪ. ಆದರೂ ಅಧಿಕಾರ ತನ್ನ ಕೆಲಸಕ್ಕೆ ತನ್ನ ಹೆಸರು ಹಚ್ಚಲು ಅಲ್ಲಿ ಹಿಂಜರಿಯುತ್ತಿರಲಿಲ್ಲ.

ಡಂಗುರದ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ತಮಟೆ ಬಡಿದು ‘ಕೇಳ್ರಪ್ಪೋ ಕೇಳಿ’ ಎಂದು ಸಾರುವ ಮನುಷ್ಯ ಎದುರಿಗೇ ಇರುತ್ತಿದ್ದ, ತಡೆದು ಪ್ರಶ್ನೆ ಕೇಳಬಹುದಿತ್ತು ಎಂದು ಹಂಬಲಿಸುವುದು ಸುಲಭ. ಆ ತಮಟೆಯನ್ನು ಊರು ಯಾರ ಹೆಗಲಿಗೆ ಹಾಕಿತ್ತು ಎಂಬುದನ್ನು ಮರೆತು ಹಂಬಲಿಸಬಾರದು. ಅದು ಬಹಳ ಕಡೆ ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿ. ನಿರ್ಧಾರ ಗೌಡನದು, ಶಾನುಭೋಗನದು. ಗಂಟಲು ಮಾತ್ರ ಬೇರೆಯವನದು. ಕರ್ತೃ ತೆರೆಮರೆಗೆ ಸರಿದು ಇನ್ನೊಬ್ಬನನ್ನು ಮುಂದೆ ಬಿಡುವ ಅಭ್ಯಾಸ ಆಗಲೇ ಇತ್ತು. ಇಂದು ಆ ಗಂಟಲೂ ಇಲ್ಲ, ‘ಲಾಗುವುದು’ ಇದೆ.

ಇದಕ್ಕೆ ನೇರ ಎದುರಾಗಿ ನಿಲ್ಲುವ ಇನ್ನೊಂದು ಪ್ರಕಾರ ಅದೇ ರಸ್ತೆಯ ತಿರುವಿನಲ್ಲಿ ಸಿಗುತ್ತದೆ: ಫ್ಲೆಕ್ಸ್. ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ, ಪದವಿ ಸಿಕ್ಕಿದ್ದಕ್ಕೆ ‘ಶುಭ ಕೋರುವವರು’ ಎಂದು ಇಪ್ಪತ್ತು ಮೂವತ್ತು ಮುಖಗಳು. ಅಲ್ಲಿ ಕರ್ತೃಗಳಿಗೆ ಬರವಿಲ್ಲ, ಕ್ರಿಯೆಗೆ ಬರ. ಕೋರುವುದನ್ನು ಬಿಟ್ಟರೆ ಆ ಮುಖಗಳು ಏನು ಮಾಡಿದವೆಂದು ಫ್ಲೆಕ್ಸ್ ಹೇಳುವುದಿಲ್ಲ. 2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಪಾಲಿಕೆ ಇವನ್ನು ನಿಷೇಧಿಸಿದರೂ ಪ್ರಕಾರ ಸಾಯಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನಗರಾಡಳಿತದ ವ್ಯಾಕರಣ ಪೂರ್ತಿಯಾಗುತ್ತದೆ: ಒಂದು ಕಡೆ ಕರ್ತೃವಿಲ್ಲದ ಕ್ರಿಯೆ, ಇನ್ನೊಂದು ಕಡೆ ಕ್ರಿಯೆಯಿಲ್ಲದ ಕರ್ತೃಗಳು.

ಹಾಗಾದರೆ ಅಧಿಕೃತ ಪ್ರಕಟಣೆಯಲ್ಲಿ ಕರ್ತೃ ಎಂದೂ ಕಾಣಿಸಿಕೊಳ್ಳುವುದಿಲ್ಲವೇ? ಕಾಣಿಸಿಕೊಳ್ಳುತ್ತಾನೆ, ಆ ಕರ್ತೃ ನಿವಾಸಿಯಾಗಿದ್ದಾಗ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ನಗರ ಬಾಯಾರಿದಾಗ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ, ಕಾರಂಜಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಆ ನಿಷೇಧ ಬೇಕಾಗಿತ್ತು, ಆಕ್ಷೇಪ ಅದಕ್ಕಲ್ಲ. ಗಮನಿಸಬೇಕಾದದ್ದು ಇಂಥ ಆದೇಶಗಳಲ್ಲಿ ಭಾಷೆ ತಟ್ಟನೆ ಚುರುಕಾಗುವ ಬಗೆ. ಯಾರು ಏನನ್ನು ಮಾಡಬಾರದು, ಮಾಡಿದರೆ ಎಷ್ಟು ಕಟ್ಟಬೇಕು ಎಲ್ಲವೂ ಸ್ಪಷ್ಟ. ಹಾಗಾದರೆ ಕನ್ನಡಕ್ಕೆ ಸ್ಪಷ್ಟವಾಗಿ ಹೇಳುವ ಶಕ್ತಿ ಇದೆ. ಹೊಣೆ ಕೆಳಕ್ಕೆ ಇಳಿಯುವಾಗ ಆ ಶಕ್ತಿ ಹೊರಬರುತ್ತದೆ, ಮೇಲಕ್ಕೆ ಏರಬೇಕಾದಾಗ ‘ಲಾಗುವುದು’ ಆಗುತ್ತದೆ.

ಕಾರಣವನ್ನು ಬಿಡಿಸಿ ಹೇಳಿದ ಪ್ರಕಟಣೆ ಎಷ್ಟು ಬೇರೆಯಾಗುತ್ತದೆ ಎಂಬುದಕ್ಕೂ ನೀರೇ ಉದಾಹರಣೆ. ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಲ್ಲಿ ದುರಸ್ತಿ ಇರುವುದರಿಂದ ಇಂಥ ದಿನ ಕಾವೇರಿ ನೀರು ಬರುವುದಿಲ್ಲ ಎಂದು ಓದಿದಾಗ, ನಮ್ಮ ನಲ್ಲಿಯ ನೀರು ಸುಮಾರು 100 ಕಿಲೋಮೀಟರ್ ದೂರದ ಮಳವಳ್ಳಿ ಸೀಮೆಯಿಂದ ಹೊರಟು ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆಂಬ ಸತ್ಯ ಒಂದು ಕ್ಷಣ ಹೊಳೆಯುತ್ತದೆ. ಅಲ್ಲೆಲ್ಲೋ ಮೋಟಾರು ಬಿಚ್ಚಿ ಕೂತ ಕೆಲಸಗಾರರು ಕಣ್ಣ ಮುಂದೆ ಬರುತ್ತಾರೆ. ಸಿಟ್ಟು ಇಳಿಯುತ್ತದೆ. ‘ತಾಂತ್ರಿಕ ಕಾರಣಗಳಿಂದ’ ಎಂಬ ಎರಡು ಪದಗಳಿಗೆ ಆ ಶಕ್ತಿಯಿಲ್ಲ.

ಪ್ರಕಟಣೆ ಇರುವುದು ಮಾಹಿತಿಗೆ, ಅದಕ್ಕೆ ಇಷ್ಟೆಲ್ಲ ವ್ಯಾಕರಣ ಏಕೆ ಎನ್ನಬಹುದು. ಕರ್ತೃವನ್ನು ಹೆಸರಿಸಿದರೆ ಬೈಸಿಕೊಳ್ಳುವವನು ಕಂಬ ಹತ್ತಿದ ಲೈನ್‌ಮನ್, ಎಂಜಿನಿಯರ್ ಅಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಯಾರೂ ಕೇಳುತ್ತಿರುವುದು ವ್ಯಕ್ತಿಯ ಹೆಸರನ್ನಲ್ಲ. ಯಾವ ಕಚೇರಿ ತೀರ್ಮಾನಿಸಿತು, ಏಕೆ, ಮುಗಿಯದಿದ್ದರೆ ಯಾರನ್ನು ಕೇಳಬೇಕು ಎಂಬಷ್ಟನ್ನು. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ಇಲ್ಲಿ ನೆನಪಾಗುವುದು ಸಹಜ. ತಬರನೂ ಸರ್ಕಾರದ ಕೆಳಗಿನ ಮೆಟ್ಟಿಲ ನೌಕರನೇ. ಹೆಂಡತಿಯ ಕಾಲು ಕೊಳೆಯುತ್ತಿರುವಾಗ ತನ್ನದೇ ದುಡ್ಡಿಗಾಗಿ ಅವನು ಕಚೇರಿಗಳನ್ನು ಸುತ್ತುತ್ತಾನೆ. ಅವನನ್ನು ಸೋಲಿಸಿದ್ದು ಒಬ್ಬ ದುಷ್ಟನಾಗಿದ್ದರೆ ಕತೆ ಸಣ್ಣದಾಗುತ್ತಿತ್ತು. ‘ನಾನು ತಡೆದೆ’ ಎನ್ನುವವರು ಯಾರೂ ಇಲ್ಲದಿರುವುದರಲ್ಲಿ ಆ ಕತೆಯ ಭಯವಿದೆ. ‘ಲಾಗುವುದು’ ಎಂಬ ಪ್ರತ್ಯಯ ಮನುಷ್ಯನ ಮೇಲೆ ಬಿದ್ದರೆ ಏನಾಗುತ್ತದೆಂದು ತೋರಿಸಿದ ಕತೆ ಅದು.

ಬಡಾವಣೆಯ ಜನರೇ ಹೊರಡಿಸುವ ಕರಪತ್ರಗಳು ಇದಕ್ಕಿಂತ ಮೇಲೇ? ರಾಮೋತ್ಸವ, ರಾಜ್ಯೋತ್ಸವ, ಗಣೇಶನ ಕರಪತ್ರಗಳ ಭಾಷೆ ಬೆಚ್ಚಗಿರುತ್ತದೆ. ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎನ್ನುವಾಗ ಕರೆಯುವವರೂ ಇದ್ದಾರೆ, ಕರೆಸಿಕೊಳ್ಳುವವರೂ ಇದ್ದಾರೆ. ಆದರೆ ಕೆಳಗಿನ ‘ಸಮಸ್ತ ನಿವಾಸಿಗಳು’ ಎಂಬ ಸಹಿಯ ಬಳಿ ನಿಂತು ಕೇಳಬೇಕು: ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರು ಈ ಸಮಸ್ತರಲ್ಲಿ ಸೇರಿದ್ದಾರೆಯೇ? ಬೆಳಗ್ಗೆ ಐದು ಮನೆಗಳ ಪಾತ್ರೆ ತೊಳೆದು ಹೋಗುವವರು? ರಸ್ತೆ ಗುಡಿಸುವ ಪೌರಕಾರ್ಮಿಕರು? ಅಪಾರ್ಟ್‌ಮೆಂಟಿನ ಸೂಚನಾ ಫಲಕ ಇಂಗ್ಲಿಷಿನಲ್ಲಷ್ಟೇ ಇದ್ದರೆ, ನೀರು ನಿಲ್ಲುವ ಸುದ್ದಿ ಅದನ್ನು ಹಿಡಿದು ತುಂಬಿಡಬೇಕಾದವರಿಗೇ ತಲುಪುವುದಿಲ್ಲ. ಕಚೇರಿಯ ಬರಹ ಕರ್ತೃವನ್ನು ಅಡಗಿಸಿದರೆ, ಸಂಘದ ಬರಹ ಕೆಲವರನ್ನು ‘ನಾವು’ ಎಂಬ ಮಾತಿನ ಹೊರಗಿಡುತ್ತದೆ.

ಈ ಎರಡು ಕೊರತೆಗಳನ್ನು ತುಂಬಬೇಕಾದದ್ದು ಸ್ಥಳೀಯ ಸುದ್ದಿ. ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದೇ ಊರಿನ ಸುದ್ದಿಗೆ ಜಾಗ ಕೊಟ್ಟು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರು ಸಮಾಚಾರ’ದಲ್ಲಿ ಊರ ವರ್ತಮಾನ ಬೇರೆ, ಸರ್ಕಾರದ ನಿರೂಪ ಬೇರೆ. ಆ ವಿಂಗಡಣೆ ಇಂದಿಗೂ ಪಾಠ. ಸರ್ಕಾರ ಹೇಳಿದ್ದು ನಿರೂಪ. ಅದರಿಂದ ಊರಿನಲ್ಲಿ ಆದದ್ದು ವರ್ತಮಾನ. ಇಲಾಖೆಯ ಪತ್ರಿಕಾ ಹೇಳಿಕೆ ಅಕ್ಷರ ಬದಲಾಗದೆ ಅಚ್ಚಾದಾಗ ನಿರೂಪವೇ ವರ್ತಮಾನದ ವೇಷ ತೊಡುತ್ತದೆ. ವರದಿಗಾರರ ಮೊದಲ ಕೆಲಸ ಕಾಣೆಯಾದ ಕರ್ತೃಪದವನ್ನು ಹುಡುಕಿ ತರುವುದು. ‘ರಸ್ತೆ ಅಗೆಯಲಾಗಿದೆ’ ಎಂಬುದನ್ನು ‘ಇಂಥ ಇಲಾಖೆ ರಸ್ತೆ ಅಗೆದಿದೆ, ಮುಚ್ಚಲು ಇಂಥ ದಿನ ಹೇಳಿತ್ತು, ಮುಚ್ಚಿಲ್ಲ’ ಎಂದು ಬದಲಾಯಿಸುವುದರಲ್ಲಿ ಅರ್ಧ ಪತ್ರಿಕೋದ್ಯಮವಿದೆ.

ಇದು ಶೈಲಿಯ ಶೋಕಿಯಲ್ಲ, ಕಾನೂನೂ ಇದನ್ನೇ ಬಯಸುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಆಡಳಿತದ ತೀರ್ಮಾನಗಳಿಗೆ ಕಾರಣವನ್ನು ಅದರಿಂದ ತೊಂದರೆಗೊಳಗಾಗುವವರಿಗೆ ಕೊಡಬೇಕೆನ್ನುತ್ತದೆ. ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆನ್ನುತ್ತದೆ. ಅದಕ್ಕೆ ಹೇಳಿದ ದಾರಿಗಳಲ್ಲಿ ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಪ್ರಕಟಣೆ ಮೂರೂ ಇವೆ. ಆದರೆ ಹೊಣೆ ಹೊರುವವರು ಇದ್ದರೆ ತಾನೇ ಕರ್ತೃಪದ ಸಿಗುವುದು? 198 ವಾರ್ಡುಗಳ ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚುವವರೆಗೂ ಹೊಸ ಸದಸ್ಯರು ಬರಲಿಲ್ಲ. ಆ ಐದು ವರ್ಷ ಬೀದಿದೀಪ ಕೆಟ್ಟರೆ ‘ನಮ್ಮ ಕಾರ್ಪೊರೇಟರ್’ ಎಂದು ಬೈಯಲೂ ಒಬ್ಬರಿರಲಿಲ್ಲ. ವಾಕ್ಯದಲ್ಲಿ ಕಾಣೆಯಾದವರು ವಾರ್ಡಿನಲ್ಲೂ ಕಾಣೆಯಾಗಿದ್ದರು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವಿದೆ. ಕರ್ತರಿ, ಕರ್ಮಣಿ ಪ್ರಯೋಗಗಳನ್ನು ನಾವು ಶಾಲೆಯಲ್ಲಿ ರಾಮ, ರಾವಣರ ವಾಕ್ಯಗಳಿಂದ ಕಲಿತೆವು. ಈಗ ಬಡಾವಣೆಯ ಒಂದು ಪ್ರಕಟಣೆ ತೆಗೆದುಕೊಂಡು ಅದನ್ನು ಕರ್ತರಿಗೆ ತಿರುಗಿಸಿ ನೋಡಬಹುದು. ‘ನೀರು ಪೂರೈಕೆ ಸ್ಥಗಿತಗೊಳಿಸಲಾಗುವುದು’ ಎಂಬುದು ಹೀಗಾಗುತ್ತದೆ: ‘ಜಲಮಂಡಳಿಯ ಇಂಥ ಉಪವಿಭಾಗದವರು ಕೊಳವೆ ಬದಲಿಸುತ್ತಿದ್ದೇವೆ. ಬುಧವಾರ ನೀರು ಬಿಡುವುದಿಲ್ಲ. ಗುರುವಾರ ಬೆಳಿಗ್ಗೆ ಬಿಡುತ್ತೇವೆ. ಬಾರದಿದ್ದರೆ ಈ ಕಚೇರಿಗೆ ಬಂದು ಕೇಳಿ.’ ಪದಗಳು ಸ್ವಲ್ಪ ಹೆಚ್ಚಾದವು, ನಿಜ. ಆದರೆ ಗುರುವಾರ ಬೆಳಿಗ್ಗೆ ನಲ್ಲಿ ಒಣಗಿದ್ದರೆ ಕೊಡ ಹಿಡಿದವರಿಗೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿರುತ್ತದೆ.